ಬೇಡವೆಂಬ ಒಂದು ಮಾತಿಗಾಗಿ

ಮಣ್ಣಿನ ಕೆಲಸ ಹಿಡಿಯುವ ಮಾನ್ಯ ಕಂಟ್ರಾಕ್ಟರ್ ಮಹಾಶಯರ ಸನ್ನಿಧಾನಕ್ಕೆ,

ಸಿರ್ಸಿ ಸೀಮೆಯಲ್ಲಿ ಎರಡು ಎಕರೆ ಹಕ್ಕಲು ಇಟ್ಟುಕೊಂಡಿರುವವನ ಸಾಷ್ಟಾಂಗ ನಮಸ್ಕಾರಗಳು. ಉಭಯಕುಶಲೋಪರಿ ಸಾಂಪ್ರತ. ಇಲ್ಲಿ ಮನೆಮಂದಿಯೆಲ್ಲ ಕ್ಷೇಮ. ಮನೆಯ ಹಿಂದೆ ಗುಡ್ಡ ಕಡಿದಾಗ ಉಳಿದ ಧರೆ ಮಾತ್ರ ಕ್ಷೇಮವಾಗಿಲ್ಲ. ಅದನ್ನು ಅರಿಕೆ ಮಾಡಿಕೊಳ್ಳಲೆಂದೇ ಈ ಪತ್ರ. ತಮ್ಮಲ್ಲಿ ಯಾರೊಬ್ಬರ ಹೆಸರನ್ನೂ ನಾನು ಇಲ್ಲಿ ಬರೆಯುವುದಿಲ್ಲ. ಮಣ್ಣು ತೆಗೆಸಿದ ನೆಂಟರಿಷ್ಟರನ್ನು ವಿಚಾರಿಸಿದಾಗಲೆಲ್ಲ ಇದೇ ಕತೆ ಕೇಳಿದ್ದೇನೆ. ಹಾಗಾಗಿ, ನನ್ನ ಕೆಲಸ ಹಿಡಿದವರು ತಮ್ಮಲ್ಲಿ ಒಬ್ಬರೇ ಆದರೂ, ತಮಗೆಲ್ಲರಿಗೂ ಸೇರಿಸಿಯೇ ಬರೆಯುತ್ತಿದ್ದೇನೆ.

ಮೊದಲು ಋಣದ ಮಾತು. ನಮ್ಮಜ್ಜ ಬೇಲಿಯುದ್ದಕ್ಕೂ ಒಂದು ಅಗಳ ತೋಡಿಸಲು ಇಡೀ ಬೇಸಿಗೆ ಆಳುಗಳ ಬೆನ್ನು ಬಗ್ಗಿಸಿದ್ದ. ತಮ್ಮ ಯಂತ್ರ ಅಷ್ಟನ್ನೂ ಒಂದು ಮಧ್ಯಾಹ್ನದಲ್ಲಿ ಮಾಡಿ ಮುಗಿಸಿತು. ತಾವಿಲ್ಲದಿದ್ದರೆ ಈ ಗುಡ್ಡದ ಮೇಲೆ ಗಾಡಿ ಹತ್ತುತ್ತಿರಲಿಲ್ಲ, ಮನೆಗೆ ತಳವೂ ಸಿಗುತ್ತಿರಲಿಲ್ಲ. ಇದನ್ನು ಮರೆತರೆ ಅನ್ನ ಉಂಡ ಮನೆಗೆ ಎರಡು ಬಗೆದಂತೆ.

ಆದರೆ ಗುಡ್ಡ ಕಡಿದು ಅಂಗಳ ಅಗಲಿಸುವ ಈ ಕೆಲಸ ದೀಪಾವಳಿ ಕಳೆದು ಮಣ್ಣು ಆರಿದ ಮೇಲೆ, ಶಿವರಾತ್ರಿಯೊಳಗೆ ಮುಗಿಯಬೇಕಿತ್ತು. "ನಾಳೆ ಬೆಳಿಗ್ಗೆ ಗಾಡಿ ಬರ್ತದೆ" ಎಂದು ತಾವು ಹೇಳಿದ್ದನ್ನು ನಂಬಿ ಎಷ್ಟು ಬೆಳಗು ದಣಪೆಯ ಬಳಿ ನಿಂತೆನೋ ಲೆಕ್ಕವಿಲ್ಲ. ಗಾಡಿ ಬಂದಾಗ ಮೇ ತಿಂಗಳು ಅರ್ಧ ಕಳೆದಿತ್ತು, ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು. ನಾನು ಕೇಳಿದ್ದು ಜೆಸಿಬಿ. ಬಂದದ್ದು ಹಿಟಾಚಿ. ನಮ್ಮ ಕಡೆ ಯಾವ ಕಂಪನಿಯದ್ದಾದರೂ ಚೈನಿನ ಮೇಲೆ ಓಡುವ ಯಂತ್ರಕ್ಕೆಲ್ಲ ಅದೇ ಹೆಸರು. "ಇದಾದ್ರೆ ಬೇಗ ಮುಗೀತದೆ ಸಾರ್" ಎಂದಿರಿ. ಮೀಟರು 4812ರಲ್ಲಿ ಶುರುವಾಗಿ 4859ಕ್ಕೆ ನಿಂತಿತು. ನಲವತ್ತೇಳು ಗಂಟೆ. ಇಂಜಿನ್ ಚಾಲೂ ಇದ್ದರೆ ಸಾಕು, ಬಕೆಟ್ ಅಲ್ಲಾಡದಿದ್ದರೂ ಮೀಟರು ಓಡುತ್ತದೆಂದು ನಾನು ಕಲಿತದ್ದು ಆಗಲೇ. ಹಣ ಪೂರ್ತಿ ಸಲ್ಲಿಸಿದ್ದೇನೆ. ಆ ಲೆಕ್ಕವನ್ನು ಮತ್ತೆ ತೆಗೆಯುವುದಿಲ್ಲ.

ಮೊದಲ ಬಕೆಟ್‌ನ ಮಾತನ್ನು ಮಾತ್ರ ಆಡಲೇಬೇಕು. ಅದರ ಹಲ್ಲು ನೆಲ ಸೀಳಿದಾಗ ಎದ್ದದ್ದು ಒಂದು ಗೇಣು ಕಪ್ಪು ಮಣ್ಣು. ಅದರಲ್ಲಿ ಅರೆಕೊಳೆತ ದರಕು, ಬೇರಿನ ಎಳೆಗಳು, ಒದ್ದಾಡುವ ಎರೆಹುಳುಗಳು. ಮಳೆಗಾಲದ ಕಾಡಿನ ವಾಸನೆ ಬಂತು. ಅಷ್ಟು ಮಣ್ಣಾಗಲು ನೂರಾರು ವರ್ಷ ಬೇಕು. ಬಕೆಟ್ ತಿರುಗಿ ಅದನ್ನು ಕೊಳ್ಳದ ಅಂಚಿಗೆ ಸುರಿಯಿತು. ಆಮೇಲೆ ಕೆಮ್ಮಣ್ಣು ಬಂತು, ಅದರಡಿಯ ಬಿಳಿ ಶೇಡಿಯೂ ಬಂತು. ಸಂಜೆಯ ಹೊತ್ತಿಗೆ ಕಪ್ಪು ಮಣ್ಣು ತಳ ಸೇರಿ, ಶೇಡಿ ನೆತ್ತಿಗೇರಿತ್ತು. ಅಲ್ಲಿ ನೆಟ್ಟ ಮಾವಿನ ಸಸಿಗಳು ಎರಡು ವರ್ಷವಾದರೂ ಮೊಣಕಾಲೆತ್ತರ ದಾಟಿಲ್ಲ. ಮೇಲ್ಮಣ್ಣನ್ನು ಮೊದಲು ಕೆರೆದು ಬದಿಗೆ ರಾಶಿ ಹಾಕಿ, ಕಡೆಯಲ್ಲಿ ಅದನ್ನೇ ಹರಡಲು ಮೂರು ಗಂಟೆ ಹೆಚ್ಚಿಗೆ ಹಿಡಿಯುತ್ತಿತ್ತೇನೋ. ತಾವು ಕೇಳಿದ್ದರೆ ಆ ಮೂರು ಗಂಟೆಯ ಬಾಡಿಗೆಯನ್ನು ಕೈಮುಗಿದು ಕೊಡುತ್ತಿದ್ದೆ.

ತುಂಬಿದ ಮಣ್ಣಿನದೂ ಅದೇ ಪಾಡು. ಅಗೆದ ಮಣ್ಣು ಸಡಿಲಾಗಿ ಉಬ್ಬುತ್ತದೆ. ಅದನ್ನು ಪದರ ಪದರವಾಗಿ ಹಾಕಿ, ನೀರು ಕುಡಿಸಿ, ದಮ್ಮಸು ಹೊಡೆಯಬೇಕೆಂದು ತಮಗಿಂತ ಚೆನ್ನಾಗಿ ಬಲ್ಲವರಾರು? ನಮ್ಮ ಅಂಗಳಕ್ಕೆ ಅದು ಒಂದೇ ದೂಡಿನಲ್ಲಿ ಬಿತ್ತು. ಉಳಿದದ್ದು ಮೊದಲ ಮಳೆಗೇ ಕೆಳಗಿನ ಮನೆಯವರ ಅಡಿಕೆ ತೋಟದ ಬಸಿಗಾಲುವೆಗೆ ಇಳಿಯಿತು. ಕ್ಷಮೆ ಕೇಳಲು ಹೋದಾಗ ಆ ಮನೆಯ ಅಮ್ಮ ಬೈಯಲಿಲ್ಲ. ಕೆಸರು ತುಂಬಿದ ಕಾಲುವೆಯ ಕಡೆ ಕೈ ತೋರಿಸಿ ಒಳಗೆ ಹೋದರು.

ಇನ್ನು ಧರೆಯ ವಿಷಯ. ಹದಿನಾಲ್ಕು ಅಡಿ ಎತ್ತರಕ್ಕೆ, ಗೋಡೆಯ ಹಾಗೆ ನೆಟ್ಟಗೆ ಕಡಿಯಲಾಯಿತು. ತಮ್ಮ ಯಂತ್ರ ನಡೆಸುತ್ತಿದ್ದವನು ಜಾರ್ಖಂಡ್ ಕಡೆಯ ಹುಡುಗ, ಇಪ್ಪತ್ತೆರಡು ದಾಟಿರಲಿಕ್ಕಿಲ್ಲ. ಅವನು ಇಂಜಿನ್ ನಿಲ್ಲಿಸಿ ಕೆಳಗಿಳಿದ. ಧರೆಯನ್ನು ಬುಡದಿಂದ ನೆತ್ತಿಯವರೆಗೆ ನೋಡಿ, ಅಂಗೈಯಿಂದ ಒಮ್ಮೆ ಸವರಿದ. ಮಣ್ಣು ತಣ್ಣಗೆ ಬೆವರುತ್ತಿತ್ತು. "ಸಾರ್, ಸೀದಾ ಕಟಿಂಗ್. ಬಾರಿಶ್ ಮೇ ಆಯೇಗಾ" ಅಂದ. ಮಳೆಗೆ ಜಾರಿ ಬರುತ್ತದೆ ಎಂದು. ತಮಗೆ ಫೋನ್ ಹಚ್ಚಿದೆ. "ಏನಾಗಲ್ಲ ಸಾರ್, ಗಟ್ಟಿ ಮಣ್ಣು" ಎಂದಿರಿ. ಹುಡುಗ ಮರುಮಾತಾಡದೆ ಯಂತ್ರ ಹತ್ತಿದ.

ಜುಲೈನ ಒಂದು ರಾತ್ರಿ ಧರೆ ಬಂತು. ಅದರ ನೆತ್ತಿಯಲ್ಲಿದ್ದ ಹಲಸಿನ ಮರ ನಿಂತ ಹಾಗೆಯೇ ಜಾರಿ, ಅಡುಗೆಮನೆಯ ಗೋಡೆಗೆ ಆರು ಅಡಿ ಇರುವಾಗ ನಿಂತಿತು. ಬೆಳಿಗ್ಗೆ ನೋಡಿದರೆ ಅಂಗಳದ ತುಂಬ ಶೇಡಿ, ಒಡೆದ ಮೊಸರಿನಂತೆ. ತಮಗೆ ಕರೆ ಮಾಡಿದಾಗ ತಾವು ತುಂಬ ನಯವಾಗಿಯೇ ಹೇಳಿದಿರಿ: "ನೀವು ಹೇಳಿದ ಹಾಗೇ ಮಾಡಿದ್ದೀವಲ್ಲ ಸಾರ್."

ನಿಜ. ಕಾರು ತಿರುಗಿಸಲು ಜಾಗ ಬೇಕು ಎಂದವನು ನಾನೇ. ಆದರೆ ಮಹಾಶಯರೇ, ನಾನು ಜೀವಮಾನದಲ್ಲಿ ಒಂದು ಧರೆ ಕಡಿಸಿದವನು, ತಾವು ನೂರಾರು ಕಡಿದವರು. ಇಳಿಜಾರು ಬಿಡಬೇಕು, ಮೆಟ್ಟಿಲು ಮಾಡಬೇಕು, ನೆತ್ತಿಯಲ್ಲಿ ನೀರು ತಿರುಗಿಸುವ ಅಗಳ ಬೇಕು ಎಂಬುದು ತಮಗೆ ಗೊತ್ತಿತ್ತು. ಗೊತ್ತಿದ್ದೂ ಹೇಳಲಿಲ್ಲ. ನನ್ನ ದೂರು ಅಷ್ಟೇ.

2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜಾರಿದಾಗ, ವಿಪರೀತ ಮಳೆಯ ಜೊತೆಗೆ ಇಳಿಜಾರನ್ನು ಮನಸ್ಸಿಗೆ ಬಂದಂತೆ ಕಡಿದದ್ದೂ ಕಾರಣವೆಂದು ಭೂವಿಜ್ಞಾನಿಗಳು ಹೇಳಿದರು. 2024ರ ಜುಲೈ 16ರಂದು ನಮ್ಮದೇ ಜಿಲ್ಲೆಯ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಕುಸಿದು ಚಹಾ ಅಂಗಡಿಯನ್ನೂ ಅಲ್ಲಿದ್ದವರನ್ನೂ ಗಂಗಾವಳಿಗೆ ಒಯ್ದಿತು. ನನ್ನ ಧರೆ ಅದರ ಮುಂದೆ ಒಂದು ಹಿಡಿ ಮಣ್ಣು. ಆದರೂ ಆ ರಾತ್ರಿ ಅಡುಗೆಮನೆಯ ಗೋಡೆಗೆ ಆತು ನನ್ನ ತಾಯಿ ಮಲಗಿದ್ದಳು.

ನನ್ನಂತೆ ಅರಿಯದೆ ಕೇಳುವವರು ಮುಂದೆಯೂ ಬರುತ್ತಾರೆ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ತೆಗೆದ ಮೇಲೆ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದಾಗಿದೆ. ಪೇಟೆಯಿಂದ ಬಂದವರು ಗುಡ್ಡದ ತುದಿಯಲ್ಲಿ ಮನೆ ಕೇಳುತ್ತಾರೆ, ಹಳ್ಳದ ಬಾಯಲ್ಲಿ ಕೊಳ ಕೇಳುತ್ತಾರೆ. ಧರೆ ಬೆವರುವುದೆಂದರೇನೆಂದು ಅವರಿಗೆ ತಿಳಿಯದು. ಇಂಥ ಕೆಲಸಕ್ಕೆ ಇಂಜಿನಿಯರ್ ಬರುವುದು ಅಪರೂಪ, ನಕ್ಷೆಯೂ ಇರುವುದಿಲ್ಲ. ತಮ್ಮ ಕಣ್ಣೇ ನಕ್ಷೆ. ಅವರ ಆಸೆಗೂ ಗುಡ್ಡಕ್ಕೂ ನಡುವೆ ನಿಂತಿರುವವರು ತಾವೊಬ್ಬರೇ. ಆದ್ದರಿಂದ ಸೆರಗೊಡ್ಡಿ ಬೇಡುತ್ತೇನೆ: "ಇಲ್ಲಿ ಬೇಡ ಸಾರ್" ಎಂಬ ಮಾತು ತಮ್ಮ ಬಾಯಿಂದ ಬರಲಿ. ಅದಕ್ಕೆ ಬೇಕಾದರೆ ಗಂಟೆಯ ಬಾಡಿಗೆ ಹಾಕಿ.

ಈ ದೀಪಾವಳಿ ಕಳೆದ ಮೇಲೆ ಧರೆಯನ್ನು ಮೂರು ಮೆಟ್ಟಿಲಾಗಿ ಇಳಿಸಿ, ಲಾವಂಚ ನೆಡಬೇಕೆಂದಿದ್ದೇನೆ. ದಯಮಾಡಿ ತಾವೇ ಬರಬೇಕು. ಯಂತ್ರ ಚಿಕ್ಕದಿರಲಿ. ಆ ಹುಡುಗ ಇನ್ನೂ ತಮ್ಮಲ್ಲೇ ಇದ್ದರೆ ಅವನನ್ನೇ ಕಳಿಸಿ, ಅವನ ಬಾಟಾ ನಾನು ಬೇರೆಯಾಗಿ ಕೊಡುತ್ತೇನೆ. ಅವನು ಇಂಜಿನ್ ನಿಲ್ಲಿಸಿ ಕೆಳಗಿಳಿದರೆ ಈ ಸಲ ತಮಗೆ ಫೋನ್ ಮಾಡುವುದಿಲ್ಲ. ಅವನ ಮಾತನ್ನೇ ಕೇಳುತ್ತೇನೆ.

ಇಂತು ತಮ್ಮ ವಿಧೇಯ,
ಧರೆಯ ಕೆಳಗಿನ ಮನೆಯವನು