ಪೃಷ್ಠಗವಾಕ್ಷಬಂಧ ಮೀಮಾಂಸೆ

ಹಳೆಯ ಪಿಕಪ್ ಟ್ರಕ್ಕಿನಲ್ಲಿ ಚಾಲಕನ ಬೆನ್ನ ಹಿಂದಿರುವ ಗಾಜನ್ನು ಪ್ರಸ್ತುತ ಪ್ರಬಂಧದಲ್ಲಿ ‘ಪೃಷ್ಠಗವಾಕ್ಷ’ವೆಂದೂ, ಆ ಗಾಜನ್ನು ತಗಡಿನ ಚೌಕಟ್ಟಿಗೆ ಹಿಡಿದಿಡುವ ರಬ್ಬರಿನ ಪಟ್ಟಿಯನ್ನು ‘ಗವಾಕ್ಷಬಂಧ’ವೆಂದೂ ಕರೆಯಲಾಗಿದೆ. ಇದೇ ವಸ್ತುವನ್ನು ಅಮೆರಿಕದ ಗ್ಯಾರೇಜುಗಳಲ್ಲಿ ಗ್ಯಾಸ್ಕೆಟ್ ಎಂದೂ ಕರ್ನಾಟಕದ ಗ್ಯಾರೇಜುಗಳಲ್ಲಿ ಬೀಡಿಂಗ್ ಎಂದೂ ಕರೆದು ಕೆಲಸ ಮುಗಿಸುವ ರೂಢಿಯಿದೆಯಾದರೂ, ಎಲ್ಲರಿಗೂ ಅರ್ಥವಾಗುವ ಪದವನ್ನು ಒಪ್ಪಿಕೊಂಡರೆ ಶಾಸ್ತ್ರಕ್ಕೆ ನಿಲ್ಲಲು ನೆಲೆಯೇ ಇರುವುದಿಲ್ಲವಾದ್ದರಿಂದ ಆ ಎರಡನ್ನೂ ಕೈಬಿಡಲಾಗಿದೆ. ಅಧ್ಯಯನದ ವ್ಯಾಪ್ತಿಯನ್ನು 1967ರಿಂದ 1972ರವರೆಗಿನ ಷೆವರ್ಲೆ ಸಿ-10 ಟ್ರಕ್ಕುಗಳಿಗೆ ಮಿತಿಗೊಳಿಸಲಾಗಿದ್ದು, ಇವುಗಳ ಪೈಕಿ 1967ರ ಗಾಡಿಗಳಲ್ಲಿ ಮಾತ್ರ ಹಿಂದಿನ ಕಿಟಕಿಯ ಚಿಕ್ಕ ಪಾಠಾಂತರವೊಂದು ಕಂಡುಬರುತ್ತದೆ. ಇಷ್ಟನ್ನು ಗಮನಿಸದೆ ರಬ್ಬರು ತರಿಸಿದ ಜಿಜ್ಞಾಸುವು ಪೊಟ್ಟಣ ಬಿಚ್ಚುವ ಹಂತದಲ್ಲಿಯೇ ಅನುತ್ತೀರ್ಣನಾಗುತ್ತಾನೆ.

ಬಂಧವನ್ನು ಅಡ್ಡಲಾಗಿ ಕೊಯ್ದು ನೋಡಿದರೆ ಅದು ಎರಡು ದಿಕ್ಕಿಗೂ ಬಾಯಿ ತೆರೆದ ಗಂಡಭೇರುಂಡದಂತೆ ತೋರುತ್ತದೆ: ಒಂದು ಬಾಯಿ ಗಾಜಿನ ಅಂಚನ್ನು ಕಚ್ಚಿಕೊಂಡರೆ ಇನ್ನೊಂದು ಬಾಯಿ ಕ್ಯಾಬಿನ ತಗಡಿನ ಅಂಚುಪಟ್ಟಿಯನ್ನು ಕಚ್ಚಿಕೊಳ್ಳುತ್ತದೆ, ಮತ್ತು ಬೋಲ್ಟಾಗಲಿ ಸ್ಕ್ರೂವಾಗಲಿ ಇಲ್ಲದ ಈ ವ್ಯವಸ್ಥೆ ಈ ಎರಡು ಹಟಗಳ ಮೇಲೆಯೇ ನಿಂತಿದೆ. ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿ ಗಟ್ಟಿಗೊಳಿಸುವ ವಲ್ಕನೀಕರಣವೆಂಬ ಕ್ರಿಯೆಯನ್ನು 1839ರಲ್ಲಿ ಕಂಡುಕೊಂಡ ಚಾರ್ಲ್ಸ್ ಗುಡ್‌ಇಯರ್ 1860ರಲ್ಲಿ ಭಾರೀ ಸಾಲದೊಡನೆ ತೀರಿಕೊಂಡನೆಂಬುದನ್ನು ಗಮನಿಸಿದರೆ, ರಬ್ಬರಿನ ಸಹವಾಸದಲ್ಲಿ ಹಣ ಸೋರುವ ಪರಂಪರೆ ನೀರು ಸೋರುವ ಪರಂಪರೆಗಿಂತ ಹಳೆಯದೆಂದು ಹೇಳಬೇಕಾಗುತ್ತದೆ. ಬಿಸಿಲು ಮತ್ತು ಗಾಳಿಯಲ್ಲಿನ ಓಜೋನ್ ಅನಿಲ ರಬ್ಬರನ್ನು ಕ್ರಮೇಣ ಪೆಡಸುಗೊಳಿಸಿ, ಅದು ಹೆಚ್ಚು ಎಳೆತಕ್ಕೆ ಸಿಕ್ಕಿರುವ ಮೂಲೆಗಳಲ್ಲಿ ಸಣ್ಣ ಬಿರುಕುಗಳನ್ನು ಬಿಡಿಸುತ್ತವೆ. ಇಪಿಡಿಎಂ ಎಂಬ ಕೃತಕ ರಬ್ಬರು ಈ ಉಪದ್ರವವನ್ನು ಹೆಚ್ಚು ಕಾಲ ತಡೆಯುತ್ತದೆ.

ಬಿರುಕಿನಿಂದ ಒಳಬಂದ ಮಳೆನೀರು ಸೀಟಿನ ಹಿಂದೆ ಇಳಿಯುತ್ತದೆ. ಈ ಕಾಲದ ಸಿ-10 ಗಾಡಿಗಳಲ್ಲಿ ಪೆಟ್ರೋಲ್ ಟ್ಯಾಂಕು ಇರುವುದೂ ಅಲ್ಲಿಯೇ, ಅಂದರೆ ಕ್ಯಾಬಿನ ಒಳಗೆ, ಚಾಲಕನ ಬೆನ್ನಿಗೆ ಆತು. 1973ರ ಹೊಸ ಮಾದರಿಯಲ್ಲಷ್ಟೇ ಅದನ್ನು ಕ್ಯಾಬಿನಿಂದ ಹೊರಹಾಕಿ ಚಾಸಿಗೆ ತಗುಲಿಸಲಾಯಿತು. ಹೀಗೆ ಬೆನ್ನ ಹಿಂದೆ ಅಗ್ನಿತತ್ತ್ವವನ್ನೂ ಕಾಲಬುಡದಲ್ಲಿ ಜಲತತ್ತ್ವವನ್ನೂ ಇಟ್ಟುಕೊಂಡು ಸಾಗುವ ಚಾಲಕನಿಗೆ ಮೊದಲನೆಯದರ ಬಗ್ಗೆ ಏನೂ ಅನ್ನಿಸದೆ ಎರಡನೆಯದೊಂದೇ ನಿದ್ದೆಗೆಡಿಸುವುದು ಮನಶ್ಶಾಸ್ತ್ರಕ್ಕೆ ಬಿಟ್ಟ ವಿಷಯ.

ಹಳೆಯ ಬಂಧವನ್ನು ಉಳಿಸಿಕೊಳ್ಳುವ ಆಸೆಯಿಂದ ಮೆಲ್ಲಗೆ ಮೀಟುವವರನ್ನು ‘ಸಂರಕ್ಷಣವಾದಿ’ಗಳೆಂದೂ, ಹೊರತುಟಿಯನ್ನು ಚಾಕುವಿನಿಂದ ಸುತ್ತಲೂ ಕೊಯ್ದುಬಿಡುವವರನ್ನು ‘ಛೇದವಾದಿ’ಗಳೆಂದೂ ಕರೆಯಬಹುದಾದರೂ, ಕಲ್ಲಿನಂತಾದ ರಬ್ಬರಿನೊಡನೆ ಗುದ್ದಾಡಿ ಅರ್ಧದಿನ ಕಳೆದ ಸಂರಕ್ಷಣವಾದಿಗಳು ಸಂಜೆಯ ಹೊತ್ತಿಗೆ ಛೇದವಾದಿಗಳಾಗುವುದರಿಂದ ಈ ಭೇದಕ್ಕೆ ಹೆಚ್ಚು ಬೆಲೆಯಿಲ್ಲ. ಗಾಜಿನ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಅದು ಟೆಂಪರ್ಡ್ ಗಾಜು, ಅಂದರೆ ಕಾಯಿಸಿ ಥಟ್ಟನೆ ತಣಿಸಿ ಒಳಗೆ ಬಿಗಿತ ತುಂಬಿದ ಗಾಜು. ನಡುವೆ ಅಂಗೈಯಿಂದ ಒತ್ತಿದರೆ ಸಹಿಸಿಕೊಳ್ಳುತ್ತದೆ, ಆದರೆ ಅಂಚಿಗೆ ಸ್ಕ್ರೂಡ್ರೈವರಿನ ಮೊನೆ ತಾಗಿದರೆ ಕಲ್ಲುಸಕ್ಕರೆಯ ಚೀಲ ಒಡೆದಂತೆ ಒಮ್ಮೆಗೇ ಸುರಿದುಹೋಗುತ್ತದೆ.

ಗಾಜು ಹೊರಬಂದ ಮೇಲೆ ಗ್ರಂಥಸಂಪಾದನೆಯ ಕೆಲಸ ಆರಂಭವಾಗುತ್ತದೆ. ಮೂಲಕೃತಿಯಲ್ಲಿಲ್ಲದ, ಅನಂತರದವರು ಸೇರಿಸಿದ ಭಾಗವನ್ನು ಪಂಡಿತರು ಪ್ರಕ್ಷೇಪವೆನ್ನುತ್ತಾರೆ. ಇಲ್ಲಿನ ತಗಡಿನ ಅಂಚಿನ ಮೇಲೆ ಹಿಂದಿನ ಮಾಲೀಕರು ಬಿಟ್ಟುಹೋದ ಟಾರು, ಸಿಲಿಕೋನು, ಬಣ್ಣದ ಪದರಗಳೆಲ್ಲವೂ ಪ್ರಕ್ಷೇಪಗಳೇ ಆಗಿದ್ದು, ಅವುಗಳನ್ನು ಕೆರೆಯುತ್ತ ಹೋದ ಸಂಪಾದಕನಿಗೆ ಕೊನೆಗೆ ಸಿಗುವ ಶುದ್ಧಪಾಠವು ಬಹುಮಟ್ಟಿಗೆ ತುಕ್ಕು. ಇದನ್ನು ತಗಡಿನ ಹೊಳಪು ಕಾಣುವವರೆಗೆ ಉಜ್ಜಿ, ತೂತಾದಲ್ಲಿ ಹೊಸ ತಗಡು ಬೆಸೆದು, ಪ್ರೈಮರ್ ಮತ್ತು ಬಣ್ಣ ಬಳಿದು ಒಣಗಲು ಬಿಡಬೇಕು. ಈ ಭಾಗವನ್ನು ಹಾರಿಸಿದವರ ಕೃತಿಗಳು ಎರಡನೆಯ ಮುದ್ರಣ ಕಾಣುವುದು ಬಹಳ ಬೇಗ.

ಇನ್ನು ಸೂತ್ರಪ್ರಕರಣ. ಸೂತ್ರವೆಂದರೆ ದಾರವೆಂದೂ ಸಂಕ್ಷಿಪ್ತವಾದ ಶಾಸ್ತ್ರವಾಕ್ಯವೆಂದೂ ಎರಡು ಅರ್ಥಗಳಿದ್ದು, ಶಾಸ್ತ್ರವೆಲ್ಲವೂ ನಿಜವಾದ ಒಂದು ದಾರದಲ್ಲಿಯೇ ಅಡಗಿರುವ ಗೌರವ ಈ ವಿದ್ಯೆಗೆ ಸಲ್ಲುತ್ತದೆ. ಹೊಸ ಬಂಧವನ್ನು ಬಿಸಿಲಿಗಿಟ್ಟು ಮೆತ್ತಗೆ ಮಾಡಿ ಗಾಜಿನ ಸುತ್ತ ತೊಡಿಸಿ, ತಗಡಿಗೆ ಮೀಸಲಾದ ಬಾಯಿಯೊಳಗೆ ತೆಳ್ಳಗಿನ ನೈಲಾನ್ ಹಗ್ಗವನ್ನು ಸುತ್ತಲೂ ಕೂರಿಸಿ, ಅದರ ಎರಡು ತುದಿಗಳೂ ಕೆಳಗಡೆ ಒಂದನ್ನೊಂದು ದಾಟಿ ಕ್ಯಾಬಿನೊಳಗೆ ಜೋತಾಡುವಂತೆ ಬಿಡಬೇಕು. ಅನಂತರ ಎಲ್ಲಕ್ಕೂ ಸಾಬೂನಿನ ನೀರು ಸವರಬೇಕು. ಜಾರಿದರೆ ಸಾಕೆಂದು ಗ್ರೀಸು ಅಥವಾ ಪೆಟ್ರೋಲಿಯಂ ಎಣ್ಣೆ ಬಳಿದರೆ ಇಪಿಡಿಎಂ ಉಬ್ಬಿ ಕೆಡುತ್ತದೆ. ಹೊರಗಿನವನು ಗಾಜನ್ನು ಚೌಕಟ್ಟಿಗೆ ಒತ್ತಿ ಹಿಡಿದಾಗ ಒಳಗಿನವನು ಹಗ್ಗವನ್ನು ನಿಧಾನವಾಗಿ ಎಳೆಯುತ್ತ ಬಂದರೆ, ಹಗ್ಗ ಹೊರಬಂದಲ್ಲೆಲ್ಲ ಒಳತುಟಿ ತಗಡಿನ ಅಂಚನ್ನು ದಾಟಿ ಒಳಬದಿಗೆ ಮಗುಚಿಕೊಳ್ಳುತ್ತದೆ.

ಈ ಕಾರ್ಯಕ್ಕೆ ಒಳಗೊಬ್ಬರು, ಹೊರಗೊಬ್ಬರು ಬೇಕೇ ಬೇಕೆನ್ನುವುದು ದ್ವೈತಮತ. ಒಬ್ಬನೇ ಸಾಕು, ಎರಡನೆಯವನ ಅಗತ್ಯವೆಂಬುದು ಕೇವಲ ಭ್ರಾಂತಿಯೆನ್ನುವುದು ಅದ್ವೈತಮತ. ಒಬ್ಬನೇ ಸಾಕಾದರೂ ಮನೆಯಾಕೆ ಹೊರಗೆ ಸುಮ್ಮನೆ ಕೈ ಆನಿಸಿ ನಿಂತಿರಬೇಕೆನ್ನುವುದು ವಿಶಿಷ್ಟಾದ್ವೈತ. ಸಮುದ್ರಮಥನದಲ್ಲಿ ಹಗ್ಗ ಎಳೆಯುವವರು ಎರಡೂ ಕಡೆ ಇದ್ದರೆಂಬುದು ದ್ವೈತಿಗಳ ಪ್ರಮಾಣವಾದರೆ, ಮೊದಲು ಹುಟ್ಟಿದ್ದು ವಿಷವೆಂಬುದು ಅದ್ವೈತಿಗಳ ಉತ್ತರ. ಗಾಜು ಕೂರಿಸುವ ಸಮಯದಲ್ಲಿ ಒಳಗಿನಿಂದಲೂ ಹೊರಗಿನಿಂದಲೂ ಹೊರಡುವ ಮಾತುಗಳನ್ನು ಕೇಳಿದವರು ಈ ಉತ್ತರವನ್ನು ಸುಲಭವಾಗಿ ತಳ್ಳಿಹಾಕಲಾರರು. ಬಂಧದ ಬೆಸುಗೆಯ ಜಾಗ ಮೇಲಿರಬೇಕೋ ಕೆಳಗಿರಬೇಕೋ ಎಂಬ ವಿವಾದವಂತೂ ಇನ್ನೂ ಇತ್ಯರ್ಥವಾಗಿಲ್ಲ.

ಕೊನೆಯ ಪ್ರಮಾಣವೆಂದರೆ ಜಲಪರೀಕ್ಷೆ, ಎಂದರೆ ಒಬ್ಬರು ಹೊರಗಿನಿಂದ ಪೈಪಿನಲ್ಲಿ ನೀರು ಬಿಡುವುದು ಮತ್ತು ಇನ್ನೊಬ್ಬರು ಒಳಗೆ ಟಾರ್ಚ್ ಹಿಡಿದು ಕಾಯುವುದು. ಇಷ್ಟೆಲ್ಲ ಆದ ಮೇಲೂ ಸೀಟಿನ ಹಿಂದೆ ತೇವ ಕಾಣಿಸಿಕೊಂಡ ಪ್ರಸಂಗಗಳಲ್ಲಿ ನೀರು ಗವಾಕ್ಷದಿಂದಲ್ಲದೆ ಮೇಲ್ಛಾವಣಿಯ ಅಂಚಿನ ಮಳೆಗಾಲುವೆಯ ಬಿರುಕುಬಿಟ್ಟ ಸೀಲರಿನಿಂದ ಇಳಿದು ಬರುವುದುಂಟು. ಅದು ಬೇರೆಯೇ ಶಾಸ್ತ್ರದ ವಿಷಯವಾದ್ದರಿಂದ ಪ್ರಸ್ತುತ ಮೀಮಾಂಸೆಯ ಯಾವ ಸಿದ್ಧಾಂತಕ್ಕೂ ಅದರಿಂದ ಬಾಧೆಯಿಲ್ಲ. ನೀರನ್ನು ಬಟ್ಟೆಯಿಂದ ಒರೆಸತಕ್ಕದ್ದು.