ಪಕ್ಕದ ಮನೆಗೆ ಹೋದ ಮಹಾಪ್ರಾಣ

ಉಪಚುನಾವಣೆಯ ವಿಷಯದಲ್ಲಿ ನಮ್ಮ ಕಡೆಯವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. 2019ರ ಡಿಸೆಂಬರ್ 5ಕ್ಕೆ ಹಿರೇಕೆರೂರಿನಲ್ಲಿ ಒಂದಾಯಿತು. ಬಿ.ಸಿ. ಪಾಟೀಲರು ಶಾಸಕ ಸ್ಥಾನ ಬಿಟ್ಟು, ಅನರ್ಹರೂ ಆಗಿ, ಬೇರೆ ಪಕ್ಷದಿಂದ ನಿಂತು ಮತ್ತೆ ಗೆದ್ದರು. 2021ರ ಅಕ್ಟೋಬರ್ 30ಕ್ಕೆ ಹಾನಗಲ್ಲಿನಲ್ಲಿ ಇನ್ನೊಂದು, ಸಿ.ಎಂ. ಉದಾಸಿಯವರು ತೀರಿಕೊಂಡಿದ್ದರು. 2024ರ ನವೆಂಬರ್ 13ಕ್ಕೆ ಶಿಗ್ಗಾವಿಯದು. ಬಸವರಾಜ ಬೊಮ್ಮಾಯಿಯವರು ಲೋಕಸಭೆಗೆ ಹೋಗಿದ್ದರು. ಐದು ವರ್ಷದಲ್ಲಿ ಮಳೆ ಎಷ್ಟು ಸಲ ಕೈಕೊಟ್ಟಿತೋ ಲೆಕ್ಕ ಇಟ್ಟಿಲ್ಲ, ಉಪಚುನಾವಣೆ ಮಾತ್ರ ಒಮ್ಮೆಯೂ ಕೈಕೊಡಲಿಲ್ಲ. ಹಾನಗಲ್ಲಿಗೆ ತಂಗಿಯನ್ನು ಕೊಟ್ಟಿದ್ದೇವೆ, ಸವಣೂರಿನಿಂದ ಹೆಂಡತಿಯನ್ನು ತಂದಿದ್ದೇನೆ, ನಾನಿರುವುದು ಚಿಕ್ಕೇರೂರಿನಲ್ಲಿ. ಹೀಗಾಗಿ ಒಂದಕ್ಕೆ ಮತದಾರನಾಗಿ, ಉಳಿದೆರಡಕ್ಕೆ ಬೀಗನಾಗಿ ಮೂರಕ್ಕೂ ನನ್ನ ಹಾಜರಿ ಉಂಟು. ಪ್ರಚಾರದ ಕಾಲದಲ್ಲಿ ಬೀಗರ ಮನೆಗೆ ಹೋದರೆ ಸವಣೂರ ಖಾರದ ಜತೆ ಒಂದು ವಾರಕ್ಕಾಗುವಷ್ಟು ಸುದ್ದಿಯನ್ನೂ ಕಟ್ಟಿಕೊಡುತ್ತಾರೆ.

ಇಷ್ಟೆಲ್ಲ ಅನುಭವದ ನಾನು ಮುಗ್ಗರಿಸಿ ಬಿದ್ದದ್ದು ನಮ್ಮ ಓಣಿಯ ಕನ್ನಡ ಸಾಲಿಯಲ್ಲಿ. ಎಸ್‌ಡಿಎಂಸಿಯ ಒಂದೇ ಒಂದು ಖಾಲಿ ಸ್ಥಾನಕ್ಕೆ ಓಟು ಹಾಕಲು ಹೋಗಿ.

ಎಸ್‌ಡಿಎಂಸಿ ಎಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಇಷ್ಟುದ್ದ ಹೆಸರನ್ನು ನಮ್ಮೂರಲ್ಲಿ ಯಾರೂ ಪೂರ್ತಿ ಹೇಳಿದ್ದು ನಾನು ಕೇಳಿಲ್ಲ. ಗೋಡೆಯ ಮೇಲೆ ಬರೆದ ಪೇಂಟರು ಕೂಡ ‘ಮೇಲು’ ಒಂದು ಸಾಲಿಗೆ, ‘ಸ್ತುವಾರಿ’ ಇನ್ನೊಂದು ಸಾಲಿಗೆ ಹಾಕಿ ಸುಸ್ತಾಗಿದ್ದಾನೆ. ಇದು ಕರ್ನಾಟಕದಲ್ಲಿ ಹುಟ್ಟಿದ್ದು 2001ರಲ್ಲಿ. ಇಂಥದೊಂದು ಸಮಿತಿ ಬೇಕೆಂದು ಶಿಫಾರಸು ಮಾಡಿದ ಶಿಕ್ಷಣ ಕಾರ್ಯಪಡೆಗೆ ರಾಜಾ ರಾಮಣ್ಣನವರು ಅಧ್ಯಕ್ಷರು. ಹೌದು, ಅವರೇ, 1974ರಲ್ಲಿ ಪೋಖ್ರಾನಿನಲ್ಲಿ ಅಣುಬಾಂಬು ಸಿಡಿಸಿದ ತಂಡದವರು. ಅಲ್ಲಿ ನೆಲದೊಳಗೆ ಒಂದೇ ಸಲ ಸಿಡಿದು ಮುಗಿಯಿತು. ಇದು ಊರೂರಿನ ಸಾಲಿಯ ಪಡಸಾಲೆಯಲ್ಲಿ ಮೂರು ವರ್ಷಕ್ಕೊಮ್ಮೆ ಸಿಡಿಯುತ್ತದೆ.

ಆಮೇಲೆ 2009ರ ಶಿಕ್ಷಣ ಹಕ್ಕು ಕಾಯ್ದೆ ಬಂತು. ಅದರ 21ನೇ ಕಲಮಿನ ಪ್ರಕಾರ ಸಮಿತಿಯ ಮುಕ್ಕಾಲು ಪಾಲು ಜನ ಮಕ್ಕಳ ತಂದೆತಾಯಿ ಅಥವಾ ಪೋಷಕರೇ ಇರಬೇಕು, ಅರ್ಧದಷ್ಟು ಹೆಣ್ಣುಮಕ್ಕಳಿರಬೇಕು. ಹೆಡ್ ಮಾಸ್ತರರು ಕಾರ್ಯದರ್ಶಿ. ಸಂಬಳವಿಲ್ಲ, ಭತ್ಯೆಯಿಲ್ಲ, ಸಭೆಗೆ ಒಂದು ಕಪ್ಪು ಚಹಾ. ಅದೂ ಹೆಡ್ ಮಾಸ್ತರರ ಕಿಸೆಯಿಂದ. ಆದರೂ ಈ ಸ್ಥಾನಕ್ಕೆ ಯಾಕೆ ಬಡಿದಾಡುತ್ತಾರೆ ಎನ್ನುವವರು ಒಮ್ಮೆ ಆಗಸ್ಟ್ ಹದಿನೈದಕ್ಕೆ ಹಳ್ಳಿಯ ಸಾಲಿಗೆ ಬಂದು ನೋಡಬೇಕು. ಧ್ವಜದ ಕಟ್ಟೆಯ ಹತ್ತಿರ ಪ್ಲಾಸ್ಟಿಕ್ ಕುರ್ಚಿಗಳ ಎರಡು ಸಾಲು ಇರುತ್ತವೆ. ಆ ಕುರ್ಚಿಯಲ್ಲಿ ಕೂತು, ಎದುರಿಗೆ ಬಿಸಿಲಲ್ಲಿ ನಿಂತ ಸ್ವಂತ ಅಣ್ಣತಮ್ಮಂದಿರನ್ನು ಗುರುತೇ ಸಿಗದವರಂತೆ ನೋಡುವ ಸುಖ ಬೇರೆ ಎಲ್ಲಿಯೂ ಸಿಗುವುದಿಲ್ಲ. ಮದುವೆ ಕಾರ್ಡಿನಲ್ಲಿ ‘ಸುಖಾಗಮನ ಬಯಸುವವರು’ ಸಾಲಿನಲ್ಲಿ ಹೆಸರಿನ ಮುಂದೆ ಕಂಸ ಹಾಕಿ ಬರೆಸಲಿಕ್ಕೂ ಬರುತ್ತದೆ.

ಒಂದೇ ತೊಂದರೆ. ಈ ಕುರ್ಚಿಯ ನಾಲ್ಕನೇ ಕಾಲು ಮಗುವಿನ ಕೈಯಲ್ಲಿದೆ. ಮಗು ಸಾಲಿಯಲ್ಲಿ ಕಲಿಯುವವರೆಗೆ ಮಾತ್ರ ಅಪ್ಪ ಅವ್ವ ಸದಸ್ಯರು. ಹಿರೇಕೆರೂರು, ಹಾನಗಲ್ಲು, ಶಿಗ್ಗಾವಿಗಳಲ್ಲಿ ರಾಜೀನಾಮೆ, ಸಾವು, ಬಡ್ತಿಗಳಿಂದ ಸ್ಥಾನ ತೆರವಾದರೆ ನಮ್ಮ ಸಾಲಿಯಲ್ಲಿ ಮಗ ಏಳನೇ ಇಯತ್ತೆ ಪಾಸಾಗಿ ದಾಖಲೆ ತೆಗೆಸಿಕೊಂಡು ಹೋದರೆ ಸಾಕು. ಹಿಂದೆ ಒಬ್ಬ ಸದಸ್ಯರು, ಮಗ ಏಳರಲ್ಲಿದ್ದಾಗ, ಸಾಲಿಗೆ ಎಂಟನೇ ತರಗತಿ ಮಂಜೂರು ಮಾಡಿಸಬೇಕೆಂದು ಹಿರೇಕೆರೂರಿನ ಬಿಇಒ ಆಫೀಸಿಗೆ ಮೇಲಿಂದ ಮೇಲೆ ಅರ್ಜಿ ಹಿಡಿದು ಅಡ್ಡಾಡಿದರು. ಊರವರೆಲ್ಲ ಅವರ ಶಿಕ್ಷಣಪ್ರೇಮ ಮೆಚ್ಚಿ ಮಾತಾಡಿದರು. ಮಗ ಪಾಸಾಗಿ ಹೋದ ಮಾರನೇ ದಿನದಿಂದ ಆ ಪ್ರೇಮ ತಣ್ಣಗಾಯಿತು.

ಈ ಸಲ ತೆರವಾದದ್ದು ಹೆಣ್ಣುಮಗಳೊಬ್ಬರ ಸ್ಥಾನ. ಗಂಡಸರಿಗೆ ಇದು ತಿಳಿದದ್ದು ತಡವಾಗಿ. ಅಷ್ಟರಲ್ಲಿ ಇಬ್ಬರು ಚಹದಂಗಡಿಯಲ್ಲಿ ತಮ್ಮ ಉಮೇದುವಾರಿಕೆ ಸಾರಿ, ಹದಿನೈದಿಪ್ಪತ್ತು ಕಪ್ಪು ಚಹಾ ಕುಡಿಸಿ ಮುಗಿದಿತ್ತು. ಒಬ್ಬ ನನ್ನ ಷಡ್ಡಕ. ಇನ್ನೊಬ್ಬ ಹಿಟ್ಟಿನ ಗಿರಣಿಯವರ ಮಗ. ಹೆಡ್ ಮಾಸ್ತರರು ನಿಯಮ ಓದಿದ ದಿನ ಇಬ್ಬರೂ ಮನೆಗೆ ಹೋಗಿ ಹೆಂಡತಿಯನ್ನು ನಿಲ್ಲಿಸಿದರು. ಕುಡಿಸಿದ ಚಹಾ ವ್ಯರ್ಥವಾಗಬಾರದಲ್ಲ.

ನನ್ನ ಫಜೀತಿ ಶುರುವಾದದ್ದು ಇಲ್ಲಿಂದ. ಷಡ್ಡಕನ ಹೆಂಡತಿ ನನ್ನ ಹೆಂಡತಿಯ ಬೆನ್ನಿಗೆ ಬಿದ್ದ ತಂಗಿ. ಇತ್ತ ಗಿರಣಿಯವರ ಸೊಸೆ. ಗಿರಣಿಯಲ್ಲಿ ನಮ್ಮ ಮನೆಯ ಜೋಳದ ಡಬ್ಬಿಗೆ ಎಂದೂ ಪಾಳಿ ಇಲ್ಲ. “ಇಟ್ಟು ಹೋಗು ತಮ್ಮಾ” ಎನ್ನುವ ಹಿರಿಯರು, ಮುಂದಿನ ನಾಲ್ಕು ಡಬ್ಬಿ ಸರಿಸಿ ನಮ್ಮದನ್ನು ಸುರಿದುಬಿಡುತ್ತಾರೆ. ಕರುಳಿನ ಸಂಬಂಧ ಒಂದು ಕಡೆ, ರೊಟ್ಟಿಯ ಸಂಬಂಧ ಇನ್ನೊಂದು ಕಡೆ.

ಸಾಲಿಯ ಚುನಾವಣೆಯಲ್ಲಿ ಓಟು ಹಾಕುವುದು ಹೇಗೆ ಎಂದು ತಿಳಿಯದವರಿಗಾಗಿ ಹೇಳುತ್ತೇನೆ. ಇಲ್ಲಿ ಯಂತ್ರವಿಲ್ಲ, ಏಳು ಸೆಕೆಂಡು ಕಂಡು ಮಾಯವಾಗುವ ಚೀಟಿ ಇಲ್ಲ, 1962ರಿಂದ ದೇಶದ ಬೆರಳಿಗೆಲ್ಲ ಹತ್ತುತ್ತಿರುವ ಮೈಸೂರಿನ ಶಾಯಿ ಇಲ್ಲ. ಜಮಖಾನ ಹಾಸಿರುತ್ತದೆ. ಹೆಸರು ಕೂಗುತ್ತಾರೆ, ಕೈ ಎತ್ತಬೇಕು. ಅಷ್ಟೇ. ಆದರೆ ಎತ್ತುವುದರಲ್ಲಿ ವಿದ್ಯೆ ಇದೆ. ಭುಜದಿಂದ ನೆಟ್ಟಗೆ ಎತ್ತಿದ ಕೈ ಸಾಲಗಾರನದು. ಯಾರಿಗೆ ಕಾಣಬೇಕೋ ಅವರಿಗೆ ಕಾಣಲಿ ಎಂದು ಎತ್ತಿದ್ದು. ಮೊಣಕೈ ಮಡಚಿ ಕಿವಿಯವರೆಗೆ ತಂದದ್ದು ಎರಡೂ ಕಡೆ ಬೇಕಾದವನದು. ಕೇಳಿದರೆ ಕಿವಿ ತುರಿಸಿಕೊಂಡೆ ಎನ್ನಬಹುದು. ಇನ್ನು ಕೆಲವರು ಹೆಸರು ಕೂಗುವ ಹೊತ್ತಿಗೆ ಸರಿಯಾಗಿ ಎಲೆಯಡಿಕೆ ಉಗುಳಲು ಎದ್ದು ಹೋಗುತ್ತಾರೆ. ನೋಟಾ ಎಂಬ ಗುಂಡಿ ದೇಶಕ್ಕೆ ಬಂದದ್ದು 2013ರಲ್ಲಿ, ನಮ್ಮ ಹಿರಿಯರು ಅದನ್ನು ಅದಕ್ಕಿಂತ ಎಷ್ಟೋ ಮೊದಲು ಕಂಪೌಂಡಿನ ಮೂಲೆಯಲ್ಲಿ ಕಂಡುಕೊಂಡಿದ್ದರು.

ನಾನು ಎರಡನೇ ಜಾತಿಯ ಕೈಯನ್ನು ರೂಢಿ ಮಾಡಿಕೊಳ್ಳುತ್ತಿದ್ದೆ. ಕನ್ನಡಿಯ ಮುಂದೆ ನಿಂತು ಕಿವಿ ಮುಟ್ಟುತ್ತಿದ್ದವನನ್ನು ನಾಲ್ಕನೇ ತರಗತಿಯ ಮಗಳು ನೋಡಿದಳು.

“ಅಪ್ಪಾ, ಕೈ ಎತ್ತೂದಲ್ಲ. ಓಟು ಗುಪ್ತ ಇರಬೇಕು. ನಮ್ಮದು ಗುಪ್ತ ಇತ್ತು.”

ಹಿಂದಿನ ವಾರವೇ ಅವರ ಶಾಲಾ ಸಂಸತ್ತಿನ ಚುನಾವಣೆ ಮುಗಿದಿತ್ತು. ಮಾಸ್ತರರ ಮೊಬೈಲಿನಲ್ಲಿ ಮತಯಂತ್ರದ ಆ್ಯಪು, ರಟ್ಟಿನ ಮರೆ, ಒತ್ತಿದರೆ ‘ಪೀಂ’ ಎನ್ನುವ ಸದ್ದು, ಬೆರಳಿಗೆ ಸ್ಕೆಚ್ ಪೆನ್ನಿನ ಗೆರೆ. ಐದನೆಯವಳೊಬ್ಬಳು ಮುಖ್ಯಮಂತ್ರಿ, ಆಹಾರ ಮಂತ್ರಿ ಯಾರು ಮೊಟ್ಟೆ, ಯಾರು ಬಾಳೆಹಣ್ಣು ಎಂದು ಪಟ್ಟಿ ಹಿಡಿದು ಅಡ್ಡಾಡುತ್ತಾನೆ. ಮಕ್ಕಳದು ವಿಧಾನಸೌಧದ ರೀತಿ, ಅಪ್ಪಂದಿರದು ಅರಳಿಕಟ್ಟೆಯ ರೀತಿ. ಮಗಳ ಮಾತನ್ನು ಹೆಡ್ ಮಾಸ್ತರರ ಕಿವಿಗೆ ಹಾಕಿದವನು ನಾನೇ. “ಚೀಟಿ ಮಾಡೋಣ್ರಿ ಸರ, ಯಾರಿಗೂ ಮುಜುಗರ ಬ್ಯಾಡ” ಎಂದೆ. ಸ್ವಂತ ಕೈಯಾರೆ ತೋಡಿಕೊಂಡ ಹೊಂಡ ಅದು.

ಸಭೆ ಜುಲೈ ತಿಂಗಳ ಒಂದು ಶನಿವಾರ. ಗೋವಿನಜೋಳಕ್ಕೆ ಎಡೆ ಹೊಡೆಯುವ ಕಾಲ, ಆದರೂ ಪಡಸಾಲೆ ತುಂಬಿತ್ತು. ಗಂಡಸರು ಈ ಕಡೆ, ಹೆಣ್ಣುಮಕ್ಕಳು ಆ ಕಡೆ, ನಡುವೆ ಅಡ್ಡಾಡಲು ಒಂದು ಮೊಳ ಜಾಗ. ಮೊದಲ ಅರ್ಧ ತಾಸು ತಲೆಗೊಂದು ಓಟೋ ಮನೆಗೊಂದು ಓಟೋ ಎಂಬುದರಲ್ಲೇ ಹೋಯಿತು. ಒಬ್ಬರೆದ್ದು “ನನ್ನ ಮೂರು ಮಕ್ಕಳು ಇಲ್ಲೇ ಅದಾವು, ನನಗ ಮೂರು ಓಟು ಬೇಕು” ಎಂದರು. ಹಿಂದಿನಿಂದ ಯಾರೋ “ಹಂಗಾರ ಹಾಜರಿ ನೋಡಿ ಕೊಡ್ರಿ, ನಿನ್ನ ನಡುವಿನಾಂವ ವಾರದಾಗ ಎರಡ ದಿನ ಬರ್ತಾನ” ಎಂದು ಅವರ ಬಾಯಿ ಮುಚ್ಚಿಸಿದರು. ಬಂದು ಕೂತ ಪ್ರತಿ ಪಾಲಕರಿಗೂ ಒಂದು ಚೀಟಿ ಎಂದು ಠರಾವಾಯಿತು.

ಠರಾವು ಎಂದಾಗ ನೆನಪಾಯಿತು. ನನ್ನ ಓಟು ಯಾರಿಗೆಂದು ತೀರ್ಮಾನವಾದದ್ದು ಆ ಪುಸ್ತಕದಿಂದಲೇ. ಹಿಂದಿನ ಪಾಲಕರ ಸಭೆಯಲ್ಲಿ ಠರಾವು ಪುಸ್ತಕ ಕೈಯಿಂದ ಕೈಗೆ ಬಂದಾಗ ನಾವೆಲ್ಲ ಚಹದ ಕಪ್ಪು ಹಿಡಿದೇ, ಮೇಲಿನವರ ಸಹಿಯ ಕೆಳಗೆ ನಮ್ಮದನ್ನು ಗೀಚಿ ದಾಟಿಸಿದ್ದೆವು. ಗಿರಣಿಯವರ ಸೊಸೆ ಮಾತ್ರ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಹಿಂದಿನ ಪುಟದಿಂದ ಓದತೊಡಗಿದಳು. ಬೆರಳಿಟ್ಟು, ಸಾಲು ಹಿಡಿದು, ತುಟಿ ಅಲ್ಲಾಡಿಸುತ್ತ. ಎರಡೂವರೆ ಪುಟ. ಹತ್ತು ನಿಮಿಷ ಇಡೀ ಸಭೆ ಅವಳ ಬೆರಳನ್ನೇ ನೋಡುತ್ತ ಕೂತಿತು. ಕೊನೆಗೆ “ಇಲ್ಲಿ ‘ಸರ್ವಾನುಮತದಿಂದ’ ಅಂತ ಬರದೈತಲ್ರಿ ಸರ, ನನ್ನ ಕೇಳೇ ಇಲ್ಲಲ್ಲ” ಎಂದಳು. ಕೇಳಿದರು. ಒಪ್ಪಿಗೆ ಎಂದಳು. ಸಹಿ ಹಾಕಿದಳು. ಅವಳ ಕೈಯಲ್ಲಿದ್ದ ಚಹಾ ಆರಿಹೋಗಿತ್ತು. ನನ್ನ ನಾದಿನಿ ಒಳ್ಳೆಯವಳು, ಅವಳ ಕೈಯ ಎಣ್ಣೆಗಾಯಿ ಪಲ್ಲೆಗೆ ನಾನೇ ಮಾರುಹೋದವನು. ಆದರೆ ಆ ಸಹಿ ಅವಳು ಕಣ್ಣುಮುಚ್ಚಿ ಹಾಕಿದ್ದನ್ನು ನಾನು ನೋಡಿದ್ದೆ. ಅವಳ ಮೇಲಿನ ಸಹಿ ನನ್ನದೇ ಇತ್ತು.

ಎರಡುಗೆರೆ ಕಾಪಿ ಪುಸ್ತಕದ ಹಾಳೆ ಹರಿದು ಚೀಟಿ ಮಾಡಿದ್ದರು. ಪೆಟ್ಟಿಗೆಯ ಬದಲು ಸೀಮೆಸುಣ್ಣದ ಡಬ್ಬಿ. ಕಂಬದ ಮರೆಗೆ ಹೋಗಿ, ಬೆನ್ನು ತಿರುಗಿಸಿ, ಬರೆದು, ನಾಲ್ಕು ಮಡಿಕೆ ಮಾಡಿ ಹಾಕಿದೆ. ಬರುವಾಗ ಹೆಂಡತಿಯತ್ತ ನೋಡಿ, ಆಯಿತು ಎಂಬಂತೆ ಕಣ್ಣು ಸನ್ನೆಯನ್ನೂ ಮಾಡಿದೆ. ಅದೊಂದನ್ನು ಮಾಡಬಾರದಿತ್ತು.

ಚೀಟಿ ಓದಲು ಕರೆಸಿದ್ದು ಊರಿನ ಹಿರಿಯರನ್ನು: ನಿವೃತ್ತ ಮಾಸ್ತರರು. ಎಂಬತ್ತರ ಆಸುಪಾಸು, ಕನ್ನಡಕಕ್ಕೆ ದಾರ ಕಟ್ಟಿಕೊಂಡು ಬಂದಿದ್ದರು. ಯಾರ ಪಕ್ಷವೂ ಅಲ್ಲದವರು ಎಂದು ಎಲ್ಲರೂ ಒಪ್ಪಿದ್ದರು. ಯಾರಿಗೂ ಹೊಳೆಯದ ಸಂಗತಿ ಒಂದೇ: ಅಲ್ಲಿ ಕೂತ ಅರ್ಧಕ್ಕರ್ಧ ಪಾಲಕರಿಗೆ ಅಕ್ಷರ ತಿದ್ದಿಸಿದವರು ಅವರೇ.

ಮೊದಲ ಐದಾರು ಚೀಟಿ ಸುಮ್ಮನೆ ಓದಿದರು. ಆಮೇಲೆ ಅವರೊಳಗಿನ ಮಾಸ್ತರ ಎಚ್ಚರಾದ. “ಇದು ಯಾರದಿದು, ಒತ್ತು ಕೊಡಾಕ ಇನ್ನೂ ಜಿಪುಣತನ ಬಿಟ್ಟಿಲ್ಲೇನು?” ಎಂದು ಕನ್ನಡಕದ ಮೇಲಿಂದ ಮೂರನೇ ಸಾಲಿನತ್ತ ನೋಡಿದರು. ಆ ಸಾಲಿನವನೊಬ್ಬ ತಲೆ ತಗ್ಗಿಸಿದ. ಮುಂದಿನದಕ್ಕೆ “ಅಕ್ಷರ ಸುಧಾರಿಸ್ಯಾವು, ಶಾಭಾಸ್” ಎಂದರು. ಇನ್ನೊಬ್ಬ ಮರೆತು ಕೈಮುಗಿದೇಬಿಟ್ಟ. ಗುಪ್ತ ಮತದಾನ ನಡುಹಗಲಿಗೆ ಬಂದು ಬಿದ್ದಿತ್ತು. ನನ್ನ ಎದೆ ಗಿರಣಿಯ ಬೆಲ್ಟಿನಂತೆ ಹೊಡೆದುಕೊಳ್ಳತೊಡಗಿತು.

ನನ್ನ ರೋಗ ಹಳೆಯದು. ಮಹಾಪ್ರಾಣ ಬರೆಯುವಾಗ ಕೆಳಗೆ ಸೀಳುವುದನ್ನು ಮರೆತು, ಮುಂದಿನ ಅಕ್ಷರಕ್ಕೆ ಹೋದ ಮೇಲೆ ನೆನಪಾಗಿ, ಅದಕ್ಕೆ ಸೀಳಿಬಿಡುತ್ತೇನೆ. ನಾದಿನಿಯ ಹೆಸರಿನಲ್ಲಿ ಮಹಾಪ್ರಾಣವೇ ಇಲ್ಲ. ಗಿರಣಿಯವರ ಸೊಸೆಯ ಹೆಸರಿನಲ್ಲಿ ಸರಿಯಾಗಿ ನಡುವಿಗೆ ಒಂದಿತ್ತು.

ಮಾಸ್ತರರು ಚೀಟಿ ಬಿಡಿಸಿದರು. ಹತ್ತಿರ ಹಿಡಿದರು, ದೂರ ಹಿಡಿದರು. ಅವರ ಮುಖದ ಮೇಲೆ ಹಳೆಯ ಸ್ನೇಹಿತನನ್ನು ಸಂತೆಯಲ್ಲಿ ಕಂಡಂಥ ನಗು ಹರಡಿತು. “ಲೇ ತಮ್ಮಾ” ಎಂದರು, ನನ್ನನ್ನೇ ನೋಡುತ್ತ, “ನಿನ್ನ ಮಹಾಪ್ರಾಣ ಇನ್ನೂ ಪಕ್ಕದ ಮನಿಗೇ ಹೋಗಿ ಕುಂದರತೈತೇನೋ?” ಕಿಸೆಯಿಂದ ಕೆಂಪು ಪೆನ್ನು ತೆಗೆದು, ಓಟಿನ ಚೀಟಿ ಎಂಬುದನ್ನೂ ಮರೆತು, ತಿದ್ದಿಯೇ ಗಿರಣಿಯ ಕಡೆಯ ಗುಡ್ಡೆಗೆ ಹಾಕಿದರು.

ಪಡಸಾಲೆಯೆಲ್ಲ ನಕ್ಕಿತು. ಜಮಖಾನದ ಆ ಕಡೆಯಿಂದ ಒಬ್ಬರು ಮಾತ್ರ ನಗಲಿಲ್ಲ.

ಗಿರಣಿಯವರ ಸೊಸೆ ನಾಲ್ಕು ಓಟಿನಿಂದ ಗೆದ್ದಳು. 2018ರಲ್ಲಿ ಹಿರೇಕೆರೂರಿನಂಥ ಇಡೀ ಕ್ಷೇತ್ರವೇ 555 ಓಟಿನ ಮೇಲೆ ತೀರ್ಮಾನವಾಗಿತ್ತು, ಒಂದೊಂದು ಓಟಿಗೂ ಬೆಲೆ ಇದೆ ಎಂದು ಅಂದಿನಿಂದ ಕಂಡವರಿಗೆಲ್ಲ ಹೇಳುತ್ತ ಬಂದವನು ನಾನು. ಇಲ್ಲಿ ನನ್ನದೊಂದು ಆ ಕಡೆ ಬಿದ್ದಿದ್ದರೂ ನಾದಿನಿ ಎರಡು ಓಟಿನಿಂದ ಸೋಲುತ್ತಿದ್ದಳು. ಸೋಲಿಸಿದ ಪುಣ್ಯವೂ ಇಲ್ಲ, ಗೆಲ್ಲಿಸಿದ ಕೀರ್ತಿಯೂ ಇಲ್ಲ, ಸಿಕ್ಕಿಬಿದ್ದದ್ದಷ್ಟೇ ನನ್ನ ಪಾಲು. ಷಡ್ಡಕ ದೊಡ್ಡ ಮನಸ್ಸಿನವ. “ಇರಲಿ ಬಿಡ್ರಿ ಅಣ್ಣಾರ, ಮುಂದಿನ ವರ್ಷ ಮತ್ತೊಂದು ಖಾಲಿ ಆಕ್ಕತಿ” ಎಂದು ಬೆನ್ನು ತಟ್ಟಿ ಹೋದ. ತಟ್ಟಿದ್ದು ಸ್ವಲ್ಪ ಜೋರಾಗಿತ್ತು.

ಮನೆಯಲ್ಲಿ ಎರಡು ದಿನ ಅನ್ನ ಸಾರು. ರೊಟ್ಟಿ ಬಡಿಯುವ ಸದ್ದೇ ಇಲ್ಲ. ಮೂರನೇ ದಿನ ಬೆಳಿಗ್ಗೆ ಹೆಂಡತಿ ಜೋಳದ ಡಬ್ಬಿಯನ್ನು ನನ್ನ ಮುಂದೆ ತಂದು ಕುಕ್ಕಿದಳು.

“ಹಿಟ್ಟ ನೀವ ಹಾಕಿಸ್ಕೊಂಡ ಬರ್ರಿ. ನಿಮ್ಮ ಮಹಾಪ್ರಾಣ ಅಲ್ಲೇ ಕುಂತೈತಲ್ಲ.”

ಗಿರಣಿಯಲ್ಲಿ ಆರು ಡಬ್ಬಿಗಳ ಸಾಲಿತ್ತು. ನಾನು ರೂಢಿಯಂತೆ ನೇರ ಮುಂದೆ ಹೋಗಿ ನಮ್ಮದನ್ನು ಇಟ್ಟೆ. ಹಿರಿಯರು ಹಿಟ್ಟು ಮೆತ್ತಿದ ಹುಬ್ಬು ಮೇಲೆತ್ತಿ ನನ್ನನ್ನೂ ಡಬ್ಬಿಯನ್ನೂ ನೋಡಿದರು. ಬೆಲ್ಟಿನ ಸದ್ದಿನ ನಡುವೆ ಕಿವಿಯ ಹತ್ತಿರ ಬಂದು ಹೇಳಿದರು:

“ತಮ್ಮಾ, ಬ್ಯಾಸರಾ ಮಾಡ್ಕೋಬ್ಯಾಡ. ಇನ್ನ ಮ್ಯಾಲೆ ಪಾಳಿ ಹಚ್ಚು. ನಿನ್ನ ಓಟು ಯಾರಿಗೆ ಬಿತ್ತಂತ ಊರಿಗೆಲ್ಲಾ ಗೊತ್ತಾಗೈತಿ. ಈಗ ಮೊದಲ ಹಾಕಿಕೊಟ್ರ ಲಂಚ ಅಂತಾರ.”

ಡಬ್ಬಿ ಎತ್ತಿಕೊಂಡು ಏಳನೆಯವನಾಗಿ ನಿಂತೆ. ನನ್ನ ಮುಂದಿನದು ಷಡ್ಡಕನ ಡಬ್ಬಿ.