ಚೆಕ್ಕಿನ ಅಭಾವ: ಒಂದು ಮೀಮಾಂಸೆ

ಅಂಚೆಗೆ ಹಾಕಿದ ಹಣ ಹಾಕಿದವನ ಹತ್ತಿರ ಇರುವುದಿಲ್ಲ. ಬರಬೇಕಾದವನ ಹತ್ತಿರ ಬಂದಿರುವುದೂ ಇಲ್ಲ. ಹಾಗಾದರೆ ಆ ನಡುವಿನ ಅವಧಿಯಲ್ಲಿ ಅದು ಎಲ್ಲಿರುತ್ತದೆ, ಯಾರದಾಗಿರುತ್ತದೆ, ಅಸಲಿಗೆ ಇರುತ್ತದೆಯೇ ಎಂಬ ಪ್ರಶ್ನೆಗಳನ್ನು ನಮ್ಮ ದರ್ಶನಕಾರರು ಕೈಗೆತ್ತಿಕೊಳ್ಳಲಿಲ್ಲ. ಅವರನ್ನು ದೂರಿ ಫಲವಿಲ್ಲ. ಆತ್ಮ, ಬ್ರಹ್ಮ, ಮೋಕ್ಷಗಳ ವಿಷಯದಲ್ಲಿ ಅವರು ಪಟ್ಟ ಶ್ರಮ ದೊಡ್ಡದೇ. ಆದರೆ ಅವರಲ್ಲಿ ಯಾರೂ ಹಳೆಯ ರೇಡಿಯೊವನ್ನು ಆನ್‌ಲೈನ್‌ನಲ್ಲಿ ಮಾರಿ ಚೆಕ್ಕಿಗಾಗಿ ಕಾದವರಲ್ಲ. ಆ ಕೊರತೆಯನ್ನು ತುಂಬುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

ಹಳೆಯ ಬಗೆಯ ಮನಿಯಾರ್ಡರ್ 2015ರಲ್ಲೇ ನಿಂತಿತು, 2016ರಲ್ಲಿ ಯುಪಿಐ ಬಂತು, ಇನ್ನು ಈ ಶಾಸ್ತ್ರವೇಕೆ ಎಂದು ಪೂರ್ವಪಕ್ಷದವರು ಕೇಳಬಹುದು. ವಸ್ತು ಜೀವಂತವಿರುವಾಗ ಶಾಸ್ತ್ರಕಾರನಿಗೆ ಸ್ವಾತಂತ್ರ್ಯವಿರುವುದಿಲ್ಲ. ಅದು ಎದ್ದು ಬಂದು ಎದುರು ಮಾತಾಡುವ ಭಯ. ಆದ್ದರಿಂದ ಇದೇ ಸಕಾಲ.

ಶಾಸ್ತ್ರವೆಂದ ಮೇಲೆ ದೃಷ್ಟಾಂತ ಬೇಕು. ತಾರ್ಕಿಕರು ಶತಮಾನಗಳಿಂದ ಒಂದು ಮಡಕೆಯನ್ನೇ ಮುಂದಿಟ್ಟುಕೊಂಡು ನಿಭಾಯಿಸಿದ್ದಾರೆ. ನಮ್ಮದು ಮರ್ಫಿ ರೇಡಿಯೊ. 2009ರ ಮಳೆಗಾಲದಲ್ಲಿ ಮೈಸೂರಿನ ಕುವೆಂಪುನಗರದ ಗೃಹಸ್ಥರೊಬ್ಬರು (ಇನ್ನು ಮುಂದೆ ‘ವಿಕ್ರಯಿ’) ಅದನ್ನು ಒಂದು ಹರಾಜು ತಾಣದಲ್ಲಿ ಫೋಟೊ ಸಮೇತ ಮಾರಾಟಕ್ಕಿಟ್ಟರು. ಧಾರವಾಡದವರೊಬ್ಬರು (ಇನ್ನು ಮುಂದೆ ‘ಕ್ರಯಿ’) 1,800 ರೂಪಾಯಿಗೆ ಕೊಂಡರು. ಕೊಂಡ ಸುದ್ದಿ ರೆಪ್ಪೆ ಬಡಿಯುವಷ್ಟರಲ್ಲಿ ಮೈಸೂರಿಗೆ ಬಂತು. ಹಣ ಮಾತ್ರ ಅದೇ ದಾರಿಯಲ್ಲಿ ಬರಲು ಒಪ್ಪಲಿಲ್ಲ. ಕ್ರಯಿಗೆ ನೆಟ್ ಬ್ಯಾಂಕಿಂಗ್ ಮೇಲೆ ನಂಬಿಕೆಯಿಲ್ಲ. ಮನಿಯಾರ್ಡರ್ ಮಾಡೋಣವೆಂದರೆ 20 ರೂಪಾಯಿಗೆ 1 ರೂಪಾಯಿಯಂತೆ 90 ರೂಪಾಯಿ ಕಮಿಷನ್ನು. ಅದೇ ಒಂದು ಚೆಕ್ ಬರೆದು, ಲಕೋಟೆಗೆ 5 ರೂಪಾಯಿ ಸ್ಟ್ಯಾಂಪು ಹಚ್ಚಿ, ಕೆಂಪು ಡಬ್ಬಿಗೆ ಹಾಕಿದರೆ 85 ರೂಪಾಯಿ ಉಳಿತಾಯ. ಈ 85 ರೂಪಾಯಿಯೇ ಮುಂದಿನ ಸಕಲ ಸೃಷ್ಟಿಗೂ ಮೂಲ. ಸಾಂಖ್ಯರಾಗಿದ್ದರೆ ಇದನ್ನೇ ಪ್ರಕೃತಿ ಎನ್ನುತ್ತಿದ್ದರು.

ಈಗ ಅಭಾವ. ಪಾಠಶಾಲೆಯಲ್ಲಿ ಅನ್ನಂಭಟ್ಟನ ‘ತರ್ಕಸಂಗ್ರಹ’ವನ್ನು ಬಾಯಿಪಾಠ ಮಾಡಿದ ಹುಡುಗನೂ ಹೇಳಬಲ್ಲ, ಅಭಾವ ನಾಲ್ಕು ಬಗೆ ಎಂದು. ವಸ್ತು ಹುಟ್ಟುವ ಮೊದಲಿನದು ಪ್ರಾಗಭಾವ. ಅದಕ್ಕೆ ಆದಿಯಿಲ್ಲ, ಅಂತ್ಯವಿದೆ. ನಾಶವಾದ ಮೇಲಿನದು ಪ್ರಧ್ವಂಸಾಭಾವ, ಆದಿಯಿದೆ, ಅಂತ್ಯವಿಲ್ಲ. ಮೂರು ಕಾಲದಲ್ಲೂ ಇಲ್ಲದ್ದು ಅತ್ಯಂತಾಭಾವ. ಇದು ಅದಲ್ಲ ಎಂಬುದು ಅನ್ಯೋನ್ಯಾಭಾವ. ಚೆಕ್ ಬಾರದ ದಿನ ವಿಕ್ರಯಿಯ ಮನೆಯಲ್ಲಿರುವುದು ಯಾವುದು? ಬರಲಿದ್ದು ಇನ್ನೂ ಬಂದಿಲ್ಲವಾದರೆ ಪ್ರಾಗಭಾವ, ಕಾಯಬಹುದು. ಆರ್‌ಎಂಎಸ್ ಚೀಲದೊಳಗೆ ಮಳೆನೀರು ಹೊಕ್ಕು ಮುದ್ದೆಯಾಗಿದ್ದರೆ ಪ್ರಧ್ವಂಸ. ಕ್ರಯಿ ಚೆಕ್ ಬರೆದೇ ಇಲ್ಲವಾದರೆ ಅತ್ಯಂತ. ಕಷ್ಟವೇನೆಂದರೆ ಈ ಮೂರೂ ನೋಡುವುದಕ್ಕೆ ಒಂದೇ ಥರ: ಖಾಲಿ ಡಬ್ಬಿ. ಅನ್ನಂಭಟ್ಟ ಇವುಗಳ ಲಕ್ಷಣ ಹೇಳಿದನೇ ಹೊರತು ಡಬ್ಬಿ ನೋಡಿ ಗುರುತಿಸುವ ಉಪಾಯ ಹೇಳಲಿಲ್ಲ.

ಅನ್ಯೋನ್ಯಾಭಾವ ಮಾತ್ರ ಕೈಗೆ ಸಿಗುತ್ತದೆ, ಹೆಚ್ಚುಕಡಿಮೆ ದಿನಾ ಸಿಗುತ್ತದೆ. ಎಲ್‌ಐಸಿ ಪ್ರೀಮಿಯಂ ನೋಟಿಸು ಚೆಕ್ ಅಲ್ಲ. ಮೂಲೆಗಳಿಗೆ ಅರಿಸಿನ ಹಚ್ಚಿದ ಲಗ್ನಪತ್ರಿಕೆ ಚೆಕ್ ಅಲ್ಲ. ಟೆಲಿಫೋನ್ ಬಿಲ್ಲು ಚೆಕ್ ಅಲ್ಲದಿರುವುದಷ್ಟೇ ಅಲ್ಲ, ಚೆಕ್ಕಿನ ಶತ್ರು. ಮಂತ್ರಾಲಯದಿಂದ ಬಂದ ಮಂತ್ರಾಕ್ಷತೆಯ ಲಕೋಟೆಯೂ ಚೆಕ್ ಅಲ್ಲವೇ ಅಲ್ಲ; ಆದರೆ ಹಾಗೆಂದು ಬಾಯಿಬಿಟ್ಟು ಹೇಳುವಂತಿಲ್ಲ, ಕಣ್ಣಿಗೊತ್ತಿಕೊಂಡು ದೇವರ ಮುಂದೆ ಇಡಬೇಕು.

ಡಬ್ಬಿ ಖಾಲಿ ಎಂಬ ಜ್ಞಾನ ಹುಟ್ಟುವುದಾದರೂ ಹೇಗೆ? ಇಲ್ಲಿ ಹಳೆಯ ಜಗಳವಿದೆ. ನೈಯಾಯಿಕರು ಪ್ರತ್ಯಕ್ಷದಿಂದಲೇ ಎನ್ನುತ್ತಾರೆ. ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಅದನ್ನು ಒಪ್ಪದೆ, ಅನುಪಲಬ್ಧಿ ಎಂಬ ಆರನೆಯ ಪ್ರಮಾಣವನ್ನೇ ಹೂಡಿದರು: ಇದ್ದಿದ್ದರೆ ಕಾಣಬೇಕಿತ್ತು, ಕಾಣಲಿಲ್ಲ, ಆದ್ದರಿಂದ ಇಲ್ಲ. ಷರತ್ತು ಒಂದೇ, ವಸ್ತು ಕಾಣುವ ಸ್ಥಿತಿಯಲ್ಲಿರಬೇಕು. ಕತ್ತಲಲ್ಲಿ ಕಾಣದ ಮಡಕೆ ಇಲ್ಲವೆಂದಾಗದು. ವಿಕ್ರಯಿ ಮೀಮಾಂಸಕರ ಕಡೆ. ಗೇಟಿಗೆ ತೂಗುಹಾಕಿದ ತಗಡಿನ ಡಬ್ಬಿಯ ಕಿಂಡಿಯಲ್ಲಿ ಇಣುಕಿದ್ದು ಸಾಲದೆ, ಚಿಲಕ ತೆಗೆದು, ಕೈಯನ್ನು ಒಳಗೆ ಮೊಣಕೈವರೆಗೆ ಇಳಿಸಿ, ತುಕ್ಕು ಹಿಡಿದ ತಳವನ್ನೂ ನಾಲ್ಕು ಮಗ್ಗುಲನ್ನೂ ಬೆರಳಲ್ಲಿ ತಡವುತ್ತಿದ್ದರು. ಲಕೋಟೆ ಮಳೆಗೆ ನೆನೆದು ತಗಡಿಗೆ ಅಂಟಿಕೊಂಡಿರಬಹುದಲ್ಲ. ಒಂದು ದಿನ ಬೆರಳಿಗೆ ಮೆತ್ತಗೆ ಏನೋ ತಗುಲಿತು. ಹಲ್ಲಿ. ಅಭಾವವನ್ನು ಹುಡುಕಿ ಹೋದವನಿಗೆ ಓಡಾಡುವ ಭಾವಪದಾರ್ಥ ದೊರೆತರೆ ಏನು ಮಾಡಬೇಕೆಂಬುದಕ್ಕೆ ದರ್ಶನಗಳಲ್ಲಿ ಸಮಾಧಾನವಿಲ್ಲ. ಪಂಚಾಂಗದ ಹಿಂಬದಿಯ ಹಲ್ಲಿಶಕುನದ ಪಟ್ಟಿಯಲ್ಲೂ ಬಲಗೈ ತೋರುಬೆರಳಿಗೆ ಧನಪ್ರಾಪ್ತಿಯ ಸೂಚನೆ ಸಿಗಲಿಲ್ಲ.

ಅನುಮಾನ ಪ್ರಮಾಣದ ಗತಿ ಇನ್ನೂ ಶೋಚನೀಯ. ಹೊಗೆಯಿಂದ ಬೆಂಕಿಯನ್ನು ಊಹಿಸುವಂತೆ ಸೈಕಲ್ ಬೆಲ್ಲಿನಿಂದ ಪೋಸ್ಟ್‌ಮ್ಯಾನ್ ಅವರನ್ನು, ಅವರಿಂದ ಚೆಕ್ಕನ್ನು ಊಹಿಸುವುದು ರೂಢಿ. ಬೆಲ್ ಟ್ಯೂಷನ್ ಹುಡುಗನದೂ ಆಗಿರಬಹುದಾದ್ದರಿಂದ ಮೊದಲ ಹೆಜ್ಜೆಯಲ್ಲೇ ಹೇತು ಕೆಟ್ಟಿತು. ಎರಡನೆಯದು ಇನ್ನೂ ಕ್ರೂರ. ಪೋಸ್ಟ್‌ಮ್ಯಾನ್ ಬೀದಿಯ ತುದಿಯ ಹೊಂಗೆ ಮರದಡಿ ಸೈಕಲ್ ನಿಲ್ಲಿಸಿ, ಮನೆಗಳ ಸರದಿಯಂತೆ ಜೋಡಿಸಿಟ್ಟ ಕಟ್ಟಿನ ರಬ್ಬರ್ ಬ್ಯಾಂಡ್ ಬಿಚ್ಚಿ ಮಣಿಕಟ್ಟಿಗೆ ಹಾಕಿಕೊಳ್ಳುತ್ತಾರೆ. ಪಕ್ಕದ ಮನೆಯ ಕಾಗದ ಕೊಟ್ಟ ಕೂಡಲೇ ಅವರ ಹೆಬ್ಬೆರಳು ಎದುರುಮನೆಯ ಕಾಗದದ ಮೇಲೆ ಹೋಗಿ ಕೂತರೆ ತೀರ್ಮಾನವಾದಂತೆ. ಇದನ್ನು ಗಮನಿಸಲು ವಿಕ್ರಯಿ ಗೇಟಿನ ಬಳಿ ಕ್ರೋಟನ್ ಗಿಡಕ್ಕೆ ನೀರು ಹಾಕುತ್ತ ನಿಲ್ಲುತ್ತಿದ್ದರು. ಜಡಿಮಳೆಯಲ್ಲೂ ಕೊಡೆ ಹಿಡಿದು ನೀರು ಹಾಕುತ್ತಿದ್ದುದನ್ನು ಕಂಡು ಪೋಸ್ಟ್‌ಮ್ಯಾನ್ ಅವರೇ ಮರುಗಿ, “ಇವತ್ತೂ ಇಲ್ಲ ಸಾರ್, ಒಳಗೆ ಹೋಗಿ, ನೆಗಡಿಯಾಗುತ್ತೆ” ಎಂದರು.

ಉಳಿದದ್ದು ಶಬ್ದ ಪ್ರಮಾಣ, ಅಂದರೆ ಫೋನು. ಆಪ್ತನ ಮಾತು ಪ್ರಮಾಣವೆಂದು ಶಾಸ್ತ್ರ. ಕ್ರಯಿ ಆಪ್ತನೋ ಅಲ್ಲವೋ ಎಂಬುದೇ ಇಲ್ಲಿ ಸಾಧಿಸಬೇಕಾದ ವಿಷಯವಾದ್ದರಿಂದ ವೃತ್ತದಲ್ಲಿ ಸುತ್ತಿದಂತಾಗುತ್ತದೆ; ಆದರೂ ಆ ವಾಕ್ಯವನ್ನು ಯಥಾವತ್ತಾಗಿ ದಾಖಲಿಸುವುದು ಅಗತ್ಯ: “ಹಾಕೇನ್ರೀ ಸರ, ನಿನ್ನೇನ ಹಾಕೇನಿ. ಇನ್ನೂ ಮುಟ್ಟಿಲ್ಲೇನ್ರೀ?” ಈ ವಾಕ್ಯದ ಬಲವೆಲ್ಲ ಕೊನೆಯ ಪ್ರಶ್ನೆಯಲ್ಲಿದೆ. ಮೊದಲೆರಡು ತುಣುಕುಗಳಲ್ಲಿ ಕ್ರಯಿ ತನ್ನ ಕರ್ತವ್ಯದಿಂದ ಬಿಡುಗಡೆ ಪಡೆಯುತ್ತಾರೆ. ಮೂರನೆಯದರಲ್ಲಿ ತಪ್ಪು ಮೈಸೂರಿಗೆ ವರ್ಗವಾಗುತ್ತದೆ. ಫೋನ್ ಇಡುವ ಹೊತ್ತಿಗೆ ವಿಕ್ರಯಿಯೇ “ಇಲ್ಲಿ ಮಳೆ ಜಾಸ್ತಿ ಸಾರ್, ಅದಕ್ಕೇ ಇರಬೇಕು” ಎಂದು ಕ್ಷಮೆ ಕೇಳುವ ದನಿಯಲ್ಲಿ ಮಾತಾಡಿರುತ್ತಾರೆ.

90ರ ದಶಕದಲ್ಲಿ ಬೆಂಗಳೂರಿನಲ್ಲೂ ಹಲವು ಊರುಗಳಲ್ಲೂ ಮನೆಬಾಗಿಲ ಮೇಲೆ ದೆವ್ವಕ್ಕೆಂದು ‘ನಾಳೆ ಬಾ’ ಎಂದು ಬರೆದಿದ್ದು ಹಲವರಿಗೆ ನೆನಪಿರಬಹುದು. ದೆವ್ವ ಓದಿ ಹಿಂತಿರುಗುತ್ತಿತ್ತು, ಮರುರಾತ್ರಿ ಬಂದು ಮತ್ತೆ ಓದುತ್ತಿತ್ತು ಎಂಬುದು ನಂಬಿಕೆ. ಬಾಗಿಲ ಒಳಗಿದ್ದವರ ಭಯದ ಬಗ್ಗೆ ಸಾಕಷ್ಟು ಮಾತಾಗಿದೆ. ಅಷ್ಟು ವಿಧೇಯವಾದ, ಕನ್ನಡ ಬಲ್ಲ ಆ ದೆವ್ವದ ಮನಸ್ಸು ಹೇಗಿದ್ದಿರಬಹುದೆಂದು ಯಾರೂ ಯೋಚಿಸಿಲ್ಲ. ವಿಕ್ರಯಿ ಯೋಚಿಸಿದ್ದಾರೆ.

ತತ್ತ್ವಶಾಸ್ತ್ರ ಕೈಬಿಟ್ಟ ಮೇಲೆ ಧರ್ಮಶಾಸ್ತ್ರ, ಅಂದರೆ ಕಾನೂನು. 1818ರ ಆಡಮ್ಸ್ ಮತ್ತು ಲಿಂಡ್ಸೆಲ್ ಮೊಕದ್ದಮೆ ಉಣ್ಣೆ ವ್ಯಾಪಾರದ್ದು. ಮಾರುವವರು ವಿಳಾಸ ತಪ್ಪಾಗಿ ಬರೆದರು, ಕಾಗದ ತಡವಾಯಿತು, ಉತ್ತರ ಬರಲಿಲ್ಲವೆಂದು ಉಣ್ಣೆಯನ್ನು ಬೇರೆಯವರಿಗೆ ಮಾರಿಬಿಟ್ಟರು. ಒಪ್ಪಿಗೆಯ ಕಾಗದ ಮರುದಿನ ಬಂತು. ಒಪ್ಪಿಗೆ ಅಂಚೆಗೆ ಬಿದ್ದ ಕ್ಷಣವೇ ಕರಾರು ಆಗಿಹೋಗಿತ್ತು ಎಂದಿತು ಇಂಗ್ಲೆಂಡಿನ ನ್ಯಾಯಾಲಯ. ನಮ್ಮ 1872ರ ಕರಾರು ಕಾಯ್ದೆಯ 4ನೇ ಕಲಮೂ ಅದೇ ದಾರಿ ಹಿಡಿದಿದೆ: ಒಪ್ಪಿದವನ ಕೈತಪ್ಪಿ ಕಾಗದ ಹೊರಟಿತೋ, ಎದುರಿನವನು ಕಟ್ಟುಬಿದ್ದ. ಒಪ್ಪಿಗೆಗೆ ಸರಿ, ಹಣಕ್ಕೂ ಹಾಗೆಯೇ ಎನ್ನುತ್ತೀರಾ ಎಂದರೆ, 1954ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋದ ಓಗಲೆ ಗ್ಲಾಸ್ ವರ್ಕ್ಸ್ ಪ್ರಕರಣವಿದೆ. ಔಂಧ್ ಸಂಸ್ಥಾನದಲ್ಲಿ ಲಾಟೀನು ತಯಾರಿಸುತ್ತಿದ್ದ ಕಂಪನಿ, ಚೆಕ್ ಮೂಲಕ ಹಣ ಕೊಡಿ ಎಂದು ಭಾರತ ಸರ್ಕಾರವನ್ನು ಕೇಳಿಕೊಂಡಿತ್ತು. ದೆಹಲಿಯಿಂದ ಚೆಕ್ ಅಂಚೆಯಲ್ಲಿ ಬಂತು. ನೀವೇ ಕೇಳಿಕೊಂಡದ್ದರಿಂದ ಅಂಚೆ ಇಲಾಖೆ ನಿಮ್ಮ ಏಜೆಂಟು. ಚೆಕ್ ದೆಹಲಿಯಲ್ಲಿ ಅಂಚೆಗೆ ಬಿದ್ದಾಗಲೇ ಹಣ ನಿಮಗೆ ದೆಹಲಿಯಲ್ಲಿ ಸಂದಿತು. ಆದ್ದರಿಂದ ತೆರಿಗೆ ಕಟ್ಟಿ ಎಂದಾಯಿತು ತೀರ್ಪು.

ಇದನ್ನು ನಮ್ಮ ದೃಷ್ಟಾಂತಕ್ಕೆ ಅನ್ವಯಿಸಿದರೆ ಮೈ ಜುಮ್ಮೆನ್ನುತ್ತದೆ. “ಪೋಸ್ಟಲ್ಲೇ ಕಳಿಸಿ ಸಾರ್, ಪರವಾಗಿಲ್ಲ” ಎಂದು ವಿಕ್ರಯಿ ಫೋನಿನಲ್ಲಿ ಸೌಜನ್ಯಕ್ಕೆ ಹೇಳಿದ್ದರು. ಅಲ್ಲಿಗೆ, ಹೊಂಗೆ ಮರದಡಿ ರಬ್ಬರ್ ಬ್ಯಾಂಡ್ ಬಿಚ್ಚುತ್ತಿರುವವರು ಅವರದೇ ಪ್ರತಿನಿಧಿ. ಹಣ ಧಾರವಾಡದ ಕೆಂಪು ಡಬ್ಬಿಯಲ್ಲೇ ಅವರಿಗೆ ಸಂದಿದೆ. ಅವರು ಕಾಯುತ್ತಿರುವುದು ಆಗಲೇ ತಮ್ಮದಾಗಿರುವ ಹಣಕ್ಕೆ, ತಮ್ಮದೇ ಏಜೆಂಟನ ಕೈಯಿಂದ. ಆ ಏಜೆಂಟನನ್ನಾದರೂ ದಬಾಯಿಸೋಣವೆಂದರೆ, ಸಾಮಾನ್ಯ ಟಪಾಲು ಕಳೆದರೂ ತಡವಾದರೂ ಬೇರೆಡೆ ಹೋದರೂ ಸರ್ಕಾರ ಹೊಣೆಯಲ್ಲವೆಂದು ಆಗ ಜಾರಿಯಲ್ಲಿದ್ದ 1898ರ ಅಂಚೆ ಕಾಯ್ದೆಯ 6ನೇ ಕಲಮು. ಕಳಿಸಿದವನು ಮುಕ್ತ, ಒಯ್ಯುವವನು ಮುಕ್ತ. ಬದ್ಧಜೀವಿ ಒಬ್ಬನೇ, ಗೇಟಿನ ಬಳಿ ಕೊಡೆ ಹಿಡಿದು ನಿಂತವನು.

ಪಾಶ್ಚಾತ್ಯರ ಅನುಭವ ಬೇರೆಯೇನಲ್ಲ. 1995ರಲ್ಲಿ ಪಿಯರ್ ಒಮಿಡ್ಯಾರ್ ಶುರುಮಾಡಿದ ಹರಾಜು ತಾಣ, ಮುಂದೆ ಇಬೇ ಆದದ್ದು, ಕೆಟ್ಟುಹೋದ ಲೇಸರ್ ಪಾಯಿಂಟರೊಂದನ್ನು 14.83 ಡಾಲರಿಗೆ ಮಾರಿದ ಕಥೆ ಪ್ರಸಿದ್ಧ. ಅವರ ಕಮಿಷನ್ ಅಂಚೆಯಲ್ಲೇ ಬರುತ್ತಿತ್ತು. ಕೆಲವರು ಚಿಲ್ಲರೆ ನಾಣ್ಯಗಳನ್ನು ರಟ್ಟಿಗೆ ಅಂಟಿಸಿ ಕಳಿಸುತ್ತಿದ್ದರು. ಲಕೋಟೆ ಒಡೆಯಲೆಂದೇ ಒಬ್ಬರನ್ನು ನೇಮಿಸಿಕೊಳ್ಳಬೇಕಾಯಿತು. ವಿಕ್ರಯಿ ಈ ವೃತ್ತಾಂತವನ್ನು ಓದಿ ಕೆಲಹೊತ್ತು ಸುಮ್ಮನೆ ಕೂತಿದ್ದರು. ಅದೇ ಕಂಪನಿ 2008ರಲ್ಲಿ ಅಮೆರಿಕದಲ್ಲಿ ಬಹುತೇಕ ವಸ್ತುಗಳಿಗೆ ಚೆಕ್ಕು, ಮನಿಯಾರ್ಡರುಗಳನ್ನು ನಿಲ್ಲಿಸಿತು.

ಕೊನೆಗೊಮ್ಮೆ ಚೆಕ್ ಬಂತು. ಇಲ್ಲಿಗೆ ಶಾಸ್ತ್ರ ಮುಗಿಯಿತೆಂದು ತಿಳಿಯುವವರು ಪುನರ್ಜನ್ಮವನ್ನು ನಂಬದವರು. ಬ್ಯಾಂಕಿನ ಕೌಂಟರಿನಲ್ಲಿ ಚೆಕ್ಕನ್ನು ಬೆಳಕಿಗೆ ಹಿಡಿದು ನೋಡಿದವರು, “ಧಾರವಾಡದ ಸಹಕಾರಿ ಬ್ಯಾಂಕಿಂದು ಸಾರ್, ಕಲೆಕ್ಷನ್‌ಗೆ ಹೋಗ್ಬೇಕು” ಎಂದರು. ಎಲ್ಲಿಗೆ? ಧಾರವಾಡಕ್ಕೆ. ಹೇಗೆ? ಅಂಚೆಯಲ್ಲಿ. ಪರಸ್ಥಳದ ಚೆಕ್ಕು ರಾಜ್ಯಗಳ ರಾಜಧಾನಿಯದಾದರೆ 7 ದಿನ, ದೊಡ್ಡ ನಗರದ್ದಾದರೆ 10, ಉಳಿದೆಡೆಯದಾದರೆ 14 ದಿನದೊಳಗೆ ವಸೂಲಾಗಬೇಕೆಂಬ ನಿಯಮವಿತ್ತು. ಧಾರವಾಡ ಇವುಗಳಲ್ಲಿ ಯಾವುದು ಎಂದು ಕೌಂಟರಿನಲ್ಲಿ ಸಣ್ಣ ಚರ್ಚೆ ನಡೆಯಿತು. ಧಾರವಾಡದವರನ್ನು ಕೇಳಿದ್ದರೆ ರಾಜಧಾನಿಯೆಂದೇ ಹೇಳುತ್ತಿದ್ದರು. ಬ್ಯಾಂಕು 14 ಎಂದಿತು. ಕಲೆಕ್ಷನ್ ಚಾರ್ಜು ವಿಕ್ರಯಿಯ ಖಾತೆಯಿಂದ. ಧಾರವಾಡದಲ್ಲಿ ಉಳಿದ 85 ರೂಪಾಯಿಯ ಕರ್ಮಶೇಷ ಮೈಸೂರಿನಲ್ಲಿ ಹೀಗೆ ಸವೆಯಿತು.

ಪಾಸ್‌ಬುಕ್ಕಿನಲ್ಲಿ ಮಸುಕು ಶಾಯಿಯಲ್ಲಿ ಜಮೆ ಮುದ್ರಿತವಾದ ಸಂಜೆ ಫೋನ್ ಬಂತು. “ರೊಕ್ಕ ಮುಟ್ಟೇತಲ್ರೀ ಸರ? ರೇಡಿಯೊ ಕಳಿಸಿದ್ರೇನ್ರೀ?” ಮರ್ಫಿ ರೇಡಿಯೊ ಅಟ್ಟದ ಮೇಲೆ ಹಳೆಯ ಬೆಡ್‌ಶೀಟ್ ಹೊದ್ದು ಕೂತಿತ್ತು. ವಿಕ್ರಯಿ ಒಂದು ಗಳಿಗೆಯೂ ತಡವರಿಸಲಿಲ್ಲ.

“ನಿನ್ನೇನೇ ಹಾಕಿದೀನಲ್ಲ ಸಾರ್. ಇನ್ನೂ ಬಂದಿಲ್ವಾ?” ಎಂದು ಹೇಳಿ, ಫೋನಿಟ್ಟು, ರೇಡಿಯೊ ಹಿಡಿಸುವಂಥ ಖಾಲಿ ರಟ್ಟಿನ ಪೆಟ್ಟಿಗೆ ಇದೆಯೇ ಎಂದು ಕೇಳಲು ದಿನಸಿ ಅಂಗಡಿಗೆ ಹೊರಟರು.